ನನ್ನ ಲೋಡು ಸೊನ್ನೆ ಪಾಯಿಂಟ್ ಒಂದು

ನಮ್ಮ ಸಂಘದ ಅಧ್ಯಕ್ಷ ಬೆನಕಪ್ಪನವರಿಗೆ ಖಾಲಿ ಜಗುಲಿ ಕಂಡರೆ ಆಗುವುದಿಲ್ಲ. ಚನ್ನಗಿರಿಯ ಪೇಟೆಯಲ್ಲಿ ಅವರದೇ ಒಂದು ಅಡಿಕೆ ಮಂಡಿ ಇದೆ, ಮಂಡಿಯ ಮುಂದೆ ಒಂದು ಉದ್ದನೆಯ ಬೆಂಚು. ವ್ಯಾಪಾರ ಇರಲಿ ಬಿಡಲಿ, ಬೆಳಿಗ್ಗೆ ಹತ್ತಕ್ಕೆಲ್ಲ ಆ ಬೆಂಚಿನ ಮೇಲೆ ನಾಲ್ಕು ಜನ ಕೂತಿರಬೇಕು. ಯಾರೂ ಬಾರದ ದಿನ ಪಕ್ಕದ ಕಟಿಂಗ್ ಶಾಪಿನಿಂದಲಾದರೂ ಕರೆತಂದು, ಚಹಾ ಕುಡಿಸಿ ಕೂರಿಸುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಬಂದ ರೈತನನ್ನೂ ಒಂದು ಗಂಟೆ ಬೆಂಚಿನ ಮೇಲಿಟ್ಟು ಆಮೇಲೆ ಒಳಗೆ ಬಿಡುತ್ತಾರೆ. "ಜನ ನಿಂತ ಅಂಗಡಿಗೇ ಜನ ಬರೋದು" ಎಂಬುದು ಅವರ ಬಾಯಲ್ಲಿ ಸದಾ ಇರುವ ಮಾತು. ಪೇಟೆಯಲ್ಲಿ ಇದನ್ನು ಯಾರೂ ತಪ್ಪು ಅನ್ನುವುದಿಲ್ಲ, ಎಲ್ಲ ಮಂಡಿಗಳ ಮುಂದೆಯೂ ಬೆಂಚಿದೆ.

ಆ ಬೆಂಚನ್ನು ಅವರು ನನ್ನ ಕಂಪ್ಯೂಟರಿನ ಒಳಗೂ ಹಾಕಲು ಹೊರಟರು. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ನನ್ನ ಹೆಸರು ಯಶೋಧರಾ. ಬೆಳೆಗಾರರ ಸಹಕಾರ ಮಾರಾಟ ಸಂಘದ ಚನ್ನಗಿರಿ ಶಾಖೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ಒಂದು ಮೇಜು, ಒಂದು ಯಂತ್ರ, ಮತ್ತು ನಾನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ನಾಲ್ಕು ಶಾಖೆ, ನಾಲ್ಕು ಯಂತ್ರ. ನಾಲ್ಕರಲ್ಲೂ ಓಡುವುದು ಯುನಿಕ್ಸ್ ಮನೆತನದ ಲಿನಕ್ಸ್ ಎಂಬ ತಂತ್ರಾಂಶ. ಅದು ಒಳ್ಳೆಯದೆಂದು ಹಾಕಿಸಿದ್ದಲ್ಲ, ಪುಕ್ಕಟೆ ಎಂದು ಹಾಕಿಸಿದ್ದು. ಒಳ್ಳೆಯದೂ ಆಗಿದ್ದು ನಮ್ಮ ಪುಣ್ಯ.

ಶುಕ್ರವಾರ ಟೆಂಡರ್ ದಿನ. ರೈತರು ಅಡಿಕೆ ತರುತ್ತಾರೆ, ಯಂತ್ರ ಒಬ್ಬೊಬ್ಬರ ರಾಶಿಗೂ, ಅಂದರೆ ಲಾಟಿಗೂ, ಒಂದು ಚೀಟಿ ಕೊಡುತ್ತದೆ, ವರ್ತಕರು ತಮ್ಮ ದರ ಹಾಕುತ್ತಾರೆ, ಕೊನೆಗೆ ಯಾರ ಲಾಟು ಯಾರಿಗೆ ಎಂದು ಯಂತ್ರವೇ ಹೇಳುತ್ತದೆ. ನಾನು ಬಂದ ಹೊಸತರಲ್ಲಿ ಇದಕ್ಕೆ ಸಂಜೆಯಾಗುತ್ತಿತ್ತು. ಇದ್ದಬದ್ದ ಕೊಳೆಯನ್ನೆಲ್ಲ ತೊಳೆದು, ಬರೆದ ಪ್ರೋಗ್ರಾಮನ್ನೇ ಮತ್ತೆ ಬರೆದು, ನಾಲ್ಕು ವರ್ಷದಲ್ಲಿ ಅದನ್ನು ಐದು ನಿಮಿಷಕ್ಕೆ ಇಳಿಸಿದೆ. ತ್ಯಾವಣಿಗೆಯ ಶಂಕ್ರಮ್ಮ ಎರಡು ಚೀಲ ಅಡಿಕೆ ತಂದರೆ ಒಂದೂವರೆ ಬಸ್ಸಿಗೆ ಊರಿಗೆ ಹೊರಟು, ಎಮ್ಮೆ ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿರುತ್ತಿದ್ದಳು. ಆ ನಾಲ್ಕು ವರ್ಷದಲ್ಲಿ ಅವಳು ನನ್ನ ಜೊತೆ ನಾಲ್ಕು ಮಾತು ಆಡಿರಲಿಕ್ಕಿಲ್ಲ. ಚೀಟಿ ಇಸಿದುಕೊಂಡು "ಬರ್ತೀನಿ" ಅನ್ನುವುದು, ಹೋಗುವುದು. ಅದೇ ನನಗೆ ಹೆಮ್ಮೆ. ಅಡುಗೆ ಚೆನ್ನಾಗಿದ್ದರೆ ಮನೆಯವರು ಮಾತಾಡದೆ ಉಣ್ಣುತ್ತಾರೆ ಅಲ್ಲವೇ?

ಒಂದು ದಿನ ಅಧ್ಯಕ್ಷರು ತಪಾಸಣೆ ಎಂದು ಬಂದವರು ನನ್ನ ಪರದೆಯ ಮೂಲೆಯತ್ತ ಬೆರಳು ಮಾಡಿದರು. ಅಲ್ಲಿ 'ಲೋಡ್ ಆವರೇಜ್' ಎಂದು ಬರೆದು ಮುಂದೆ ಮೂರು ಅಂಕಿ ಇದ್ದವು. ಎಲ್ಲವೂ ಸೊನ್ನೆ ಪಾಯಿಂಟ್ ಒಂದರ ಆಸುಪಾಸು.

"ಇದೇನಮ್ಮಾ?" ಎಂದರು.

ಕೇಳಿದರಲ್ಲ ಎಂದು ನನಗೆ ಖುಷಿಯಾಯಿತು. ಆ ಖುಷಿಗೆ ಬೆಂಕಿ ಬೀಳಲಿ. "ಸರ್, ಇದನ್ನ ಹಿಟ್ಟಿನ ಗಿರಣಿ ಅನ್ಕೊಳ್ರಿ. ಈ ಯಂತ್ರದಾಗೆ ಎರಡು ಕಲ್ಲು ಅದಾವೆ. ಬೀಸಾಕೆ ಹಾಕಿರೋರು, ಸಾಲಲ್ಲಿ ನಿಂತಿರೋರು, ಇಬ್ರನ್ನೂ ಕೂಡಿಸಿದ್ರೆ ಬರೋ ಲೆಕ್ಕ ಇದು. ಮೊದಲನೇದು ಹೋದ ಒಂದು ನಿಮಿಷದ ಸರಾಸರಿ, ಎರಡನೇದು ಐದು ನಿಮಿಷದ್ದು, ಮೂರನೇದು ಕಾಲು ಗಂಟೇದು. ಎರಡು ಅಂತ ಬಂದ್ರೆ ಎರಡೂ ಕಲ್ಲು ತುಂಬೈತೆ, ಯಾರೂ ಕಾಯ್ತಿಲ್ಲ. ಆರು ಬಂದ್ರೆ ನಾಲ್ಕು ಜನ ಡಬ್ಬಿ ಹಿಡ್ಕೊಂಡು ನಿಂತವ್ರೆ ಅಂತ."

"ನಿಂದು ಸೊನ್ನೆ ಪಾಯಿಂಟ್ ಒಂದು."

"ಹೂಂ ಸರ್. ಬಂದೋರು ಬಂದಂಗೆ ಬೀಸಿಸ್ಕೊಂಡು ಹೋಗ್ತಾರೆ."

"ಅಂದ್ರೆ ನಿನ್ನ ಗಿರಣಿಗೆ ಮಂದಿನೇ ಬರಲ್ಲ" ಎಂದರು ಬೆನಕಪ್ಪನವರು, ಬಹಳ ನೊಂದುಕೊಂಡು.

ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಇನ್ನೂ ಹತ್ತು ನಿಮಿಷ ಬಾರಿಸಿದೆ.

ಮುಂದಿನ ವಾರವೇ ನಿರ್ದೇಶಕ ಮಂಡಳಿಯ ಸಭೆ ಸೇರಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂಡಳಿ ಅದು. ಠರಾವು ಆಯಿತು: ಪ್ರತಿ ತಿಂಗಳ ಕೊನೆಯ ದಿನ ನಾಲ್ಕೂ ಶಾಖೆಗಳ ಲೋಡನ್ನು ನೋಟಿಸ್ ಬೋರ್ಡಿಗೆ ಹಾಕತಕ್ಕದ್ದು. ಹೆಚ್ಚು ಲೋಡು ತೋರಿಸಿದ ಶಾಖೆಯವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮೂರು ತಿಂಗಳು ಒಂದೇ ಸಮನೆ ಒಂದಕ್ಕಿಂತ ಕಡಿಮೆ ತೋರಿಸಿದವರನ್ನು, ಎಲ್ಲಿ ಲೋಡು ಹೆಚ್ಚೋ ಆ ಶಾಖೆಗೆ ವರ್ಗ ಮಾಡತಕ್ಕದ್ದು.

ಮೊದಲ ತಿಂಗಳ ಪಟ್ಟಿ ಬಂತು. ಚನ್ನಗಿರಿ ಸೊನ್ನೆ ಪಾಯಿಂಟ್ ಒಂದು. ಹೊನ್ನಾಳಿ ಮೂರು, ಅಲ್ಲಿನ ಬಸವರಾಜ್ ಇಡೀ ದಿನ ವೈರಸ್ ಹುಡುಕಿಸುತ್ತಿದ್ದನಂತೆ, ಒಂದೂ ಸಿಕ್ಕಿರಲಿಲ್ಲ. ನ್ಯಾಮತಿ ಒಂಬತ್ತು. ಅಲ್ಲಿನ ಅನಿತಾ ಬುದ್ಧಿವಂತೆ. ಈ ಯಂತ್ರಗಳಲ್ಲಿ 'ಯೆಸ್' ಎಂಬ ಒಂದು ಆಜ್ಞೆ ಇದೆ. ಅದನ್ನು ಹಚ್ಚಿಬಿಟ್ಟರೆ ನಾವು ನಿಲ್ಲಿಸುವ ತನಕ ಯಂತ್ರ ಹೂಂ, ಹೂಂ, ಹೂಂ ಎಂದು ಒಂದೇ ಉಸಿರಿಗೆ ಅನ್ನುತ್ತಲೇ ಇರುತ್ತದೆ. ಬೇರೆ ಏನೂ ಮಾಡುವುದಿಲ್ಲ, ಆದರೆ ಗಿರಣಿಯ ಕಲ್ಲನ್ನು ಹಿಡಿದುಕೊಂಡು ಬಿಡುವುದಿಲ್ಲ. ಅನಿತಾ ಅಂಥವು ಒಂಬತ್ತು ಹಚ್ಚಿದ್ದಳು. ನಮ್ಮ ನಿರ್ದೇಶಕರೂ ಒಂಬತ್ತೇ ಜನ. ಅವಳು ಎಣಿಸಿಯೇ ಹಚ್ಚಿದಳೋ ಏನೋ, ನಾನು ಕೇಳಲಿಲ್ಲ.

ಜಗಳೂರಿನದು ನಲವತ್ತೊಂದು.

ನನಗೆ ನಂಬಿಕೆ ಬರಲಿಲ್ಲ. ಜಗಳೂರಿನ ಭೀಮೇಶನಿಗೆ ಫೋನ್ ಮಾಡಿದೆ. ಪಾಪದ ಮನುಷ್ಯ, ಅಳುವ ದನಿಯಲ್ಲಿ ಮಾತಾಡಿದ.

"ಮೇಡಂ, ನಾನೇನೂ ಮಾಡಿಲ್ರಿ. ಮಷೀನ್ ಮೂರು ದಿನದಿಂದ ನಿಂತೋಗೈತೆ. ಡಿಸ್ಕು ಕರಕರ ಅಂತೈತೆ. ಮೆಕ್ಕೆಜೋಳದೋರು ಜಗುಲಿ ಮೇಲೆ ಗೋಣಿ ಹಾಸ್ಕಂಡು ಕುಂತವ್ರೆ."

ವಿಷಯ ತಿಳಿಯಿತು. ಲಿನಕ್ಸಿನ ಈ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ಕಲ್ಲಿಗಾಗಿ ಕಾಯುವವರನ್ನು ಮಾತ್ರವಲ್ಲ, ಡಿಸ್ಕಿಗಾಗಿ ಕಾಯುವವರನ್ನೂ ಅದು ಸಾಲಿನಲ್ಲೇ ಎಣಿಸುತ್ತದೆ. ಅಲ್ಲಿ ಬೀಸುವ ಕಲ್ಲು ಎರಡೂ ಖಾಲಿ. ಡಿಸ್ಕು ಎಂಬ ಕಾಳಿನ ಉಗ್ರಾಣದ ಬಾಗಿಲು ಕೆಟ್ಟು ಕೂತಿದೆ, ಅದರ ಮುಂದೆ ನಲವತ್ತೊಂದು ಕೆಲಸಗಳು ಉಸಿರು ಬಿಗಿಹಿಡಿದು ನಿಂತಿವೆ. ಸತ್ತವನ ಮನೆ ಮುಂದೆ ಜನ ಸೇರಿದ್ದನ್ನು ಎಣಿಸಿ ಮದುವೆ ಜೋರು ಅಂದ ಹಾಗೆ.

"ಹೊಸ ಡಿಸ್ಕು ಕೇಳಪ್ಪ" ಎಂದೆ.

"ಕೇಳ್ದೆ ಮೇಡಂ. ನಲವತ್ತೊಂದು ಬರೋ ಮಷೀನ್ ಮುಟ್ಟಿದ್ರೆ ನೋಡು ಅಂದ್ರು ಅಧ್ಯಕ್ಷರು. ನಿನ್ನೆ ಬಂದು ಕುಂಕುಮ ಹಚ್ಚಿ, ಹಾರ ಹಾಕಿ ಹೋದ್ರು. ಹಾರದಾಗಿನ ಇರುವೆ ಈಗ ಒಳಗೆ ಹೊಂಟಾವೆ."

ಅಧ್ಯಕ್ಷರು ಭೀಮೇಶನಿಗೆ ಶಾಲು ಹೊದಿಸುತ್ತಿರುವ ಫೋಟೋ ನಾಲ್ಕೂ ಶಾಖೆಗೆ ಬಂತು. ಹಿಂದೆ ಜಗುಲಿಯ ತುಂಬ ರೈತರು. ಕೆಳಗೆ 'ಜಗಳೂರು ಶಾಖೆಯ ಸಾಧನೆ' ಎಂದು ಬರೆದಿತ್ತು.

ಎರಡನೇ ತಿಂಗಳೂ ನನ್ನದು ಸೊನ್ನೆ ಪಾಯಿಂಟ್ ಒಂದು. ಇನ್ನೊಂದು ತಿಂಗಳು ಹೀಗೇ ಆದರೆ ನನಗೆ ಜಗಳೂರೇ ಗತಿ. ಜಗಳೂರಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಚನ್ನಗಿರಿಯಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಜಗಳೂರಿಗೆ ಇನ್ನೊಂದು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ಸೇರಬೇಕು. ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಮಗಳು ರೂಪಶ್ರೀ ಈ ವರ್ಷ ಎಸ್ಸೆಸ್ಸೆಲ್ಸಿ. ಹುಡುಗಿಯನ್ನು ಇಡೀ ದಿನ ಒಬ್ಬಳನ್ನೇ ಬಿಡಬೇಕು.

ರೂಪಶ್ರೀಯೇ ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು. "ಅಮ್ಮಾ, ನಿನ್ನ ಪ್ರಾಮಾಣಿಕತೆ ನಾನು ಪರೀಕ್ಷೇಲಿ ಬರೆಯಾಕೆ ಆಗಲ್ಲ. ಅನಿತಾ ಆಂಟಿ ಥರ ನೀನೂ ನಾಲ್ಕು ಹೂಂ ಹಚ್ಚು."

ಹಚ್ಚಿದೆ. ಆದರೆ ಹಚ್ಚುವುದರಲ್ಲೂ ಒಂದು ಮರ್ಯಾದೆ ಇಟ್ಟುಕೊಂಡೆ. ಈ ಯಂತ್ರದಲ್ಲಿ ಒಂದು ಕೆಲಸಕ್ಕೆ "ನಿಜವಾದ ಗಿರಾಕಿ ಬಂದರೆ ಎದ್ದು ದಾರಿ ಬಿಡು" ಎಂದು ಹೇಳಿ ಕೂರಿಸುವ ಅನುಕೂಲ ಇದೆ. ಹಾಗೆ ಹೇಳಿ ಹನ್ನೆರಡನ್ನು ಕೂರಿಸಿದೆ. ಲೋಡು ಹನ್ನೆರಡಕ್ಕೆ ಏರಿತು, ಟೆಂಡರು ಎಂದಿನಂತೆ ಐದು ನಿಮಿಷಕ್ಕೇ ಮುಗಿಯಿತು. ಶಂಕ್ರಮ್ಮ "ಬರ್ತೀನಿ" ಎಂದು ಒಂದೂವರೆ ಬಸ್ಸಿಗೆ ಹೋದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಮನಸ್ಸಿನಲ್ಲೇ ಬೀಗಿದೆ.

ತಿಂಗಳ ಕೊನೆಯ ವಾರ, ಬುಧವಾರ, ಬೆನಕಪ್ಪನವರು ಬಂದರು. ಪರದೆ ನೋಡಿದರು, ಮುಖ ಅರಳಿತು. ಹೊರಗೆ ಹೋಗಿ ಜಗುಲಿ ನೋಡಿದರು, ಮುಖ ಬಾಡಿತು.

"ಲೋಡ್ ಹನ್ನೆರಡು ಐತೆ. ಮಂದಿ ಎಲ್ಲಿ?"

"ಕೆಲಸ ಮುಗಿಸ್ಕೊಂಡು ಹೋದ್ರು ಸರ್."

"ಅದೆಂಗಮ್ಮಾ? ಹನ್ನೆರಡು ಲೋಡ್ ಇದ್ದ ಮ್ಯಾಲೆ ಹನ್ನೆರಡು ಜನ ಕಾಣಬೇಕಲ್ಲ. ಜಗಳೂರಾಗೆ ಕಾಣ್ತಾರೆ." ಅವರು ದನಿ ತಗ್ಗಿಸಿದರು. "ನನ್ನ ಕಣ್ಣಿಗೆ ಮಣ್ಣೆರಚಬ್ಯಾಡ. ಶುಕ್ರವಾರ ಟೆಂಡರ್ ದಿನಾನೇ ತಿಂಗಳ ಕೊನೆ. ನಾನೇ ಬಂದು ಕುಂತು ನೋಡ್ತೀನಿ. ಮಂದಿ ಕಾಣ್ಲಿಲ್ಲ ಅಂದ್ರೆ ವರ್ಗದ ಆರ್ಡರ್ ಟೈಪ್ ಆಗಿ ನನ್ನ ಜೇಬಲ್ಲೇ ಐತೆ ಅನ್ಕೋ."

ನನ್ನ ಮೈಯೆಲ್ಲ ಉರಿದುಹೋಯಿತು. ಕೆಲಸ ಮಾಡದೆ ಲೋಡು ತಂದವನಿಗೆ ಶಾಲು, ಸುಳ್ಳು ಲೋಡು ತಂದರೂ ಜನರನ್ನು ಕಾಯಿಸದವಳಿಗೆ ವರ್ಗ. ಇವರಿಗೆ ಬೇಕಾದದ್ದು ಜನ ಕಾಯುವುದೇ ಆದರೆ ಕಾಯಿಸಿಯೇ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿದೆ. ಬಡವನ ಕೋಪ ದವಡೆಗೆ ಮೂಲ ಎಂಬುದು ಆಗ ನೆನಪಾಗಲಿಲ್ಲ. ಆಮೇಲೆ ಗೊತ್ತಾಯಿತು, ನನ್ನ ಕೋಪ ಬಿದ್ದದ್ದು ನನ್ನ ದವಡೆಗಲ್ಲ, ಶಂಕ್ರಮ್ಮನ ದವಡೆಗೆ.

ಶುಕ್ರವಾರ ಬೆಳಿಗ್ಗೆ ಅರವತ್ತು ಹೂಂಗಳನ್ನು ಹಚ್ಚಿದೆ. ಈ ಸಲ ದಾರಿ ಬಿಡಿ ಎಂದು ಯಾವುದಕ್ಕೂ ಹೇಳಲಿಲ್ಲ.

ಹತ್ತೂವರೆಗೆ ಮೊದಲ ಚೀಟಿ ಮುದ್ರಣಕ್ಕೆ ಹೋಯಿತು. ಬರಲಿಲ್ಲ. ಟೆಂಡರಿನ ಕೆಲಸ ಅರವತ್ತು ಹೊಗಳುಭಟ್ಟರ ನಡುವೆ ಸಿಕ್ಕಿಹಾಕಿಕೊಂಡು, ತನ್ನ ಸರದಿ ಬಂದಾಗ ಒಂದು ಹೆಜ್ಜೆ ಇಟ್ಟು ಮತ್ತೆ ಕಾಯುತ್ತಿತ್ತು. ಹನ್ನೊಂದಕ್ಕೆ ಜಗುಲಿ ತುಂಬಿತು. ಹನ್ನೆರಡಕ್ಕೆ ಮೆಟ್ಟಿಲು ತುಂಬಿತು. ಒಂದು ಗಂಟೆಗೆ ಸಾಲು ರಸ್ತೆಗೆ ಇಳಿಯಿತು, ಚಹಾ ಅಂಗಡಿಯವನು ತನ್ನ ಗಾಡಿಯನ್ನೇ ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ. ಅಧ್ಯಕ್ಷರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹೋಗಿಬರುವವರೆಲ್ಲ "ಏನ್ ಸಾವ್ಕಾರ್ರೇ, ಸಂಘ ಜೋರು" ಅನ್ನುವುದು, ಇವರು ಮೀಸೆ ತೀಡುವುದು. ಅವರದೇ ಹನ್ನೊಂದು ಚೀಲ ಆ ಸಾಲಿನಲ್ಲಿ ಕೊಳೆಯುತ್ತಿದ್ದವು. ಅದನ್ನು ನೆನಪಿಸಿದವನಿಗೆ "ಇರ್ಲಿ ಬಿಡಪ್ಪ, ಸಾಲಲ್ಲಿ ಒಂದು ಕಳೆ ಐತೆ" ಎಂದರು.

ಒಂದೂವರೆ ಬಸ್ಸು ಹೋದ ಸದ್ದು ನನಗೆ ಒಳಗೇ ಕೇಳಿಸಿತು. ಕಿಟಕಿಯಿಂದ ನೋಡಿದೆ. ಶಂಕ್ರಮ್ಮ ಚೀಲದ ಮೇಲೆ ಕೂತು ಬಸ್ಸು ಹೋದ ದಾರಿಯನ್ನೇ ನೋಡುತ್ತಿದ್ದಳು. ಅರವತ್ತು ಹೂಂಗಳನ್ನೂ ಕೊಲ್ಲಲು ಒಂದು ಸಾಲಿನ ಆಜ್ಞೆ ಬರೆದರೆ ಸಾಕಿತ್ತು. ಬೆರಳು ಕೀಲಿಯ ಮೇಲೆ ಇಟ್ಟೆ. ರೂಪಶ್ರೀಯ ಮುಖ ಕಣ್ಣ ಮುಂದೆ ಬಂತು. ಬೆರಳು ತೆಗೆದೆ. ಸುಳ್ಳು ಹೇಳುವುದಿಲ್ಲ, ಎರಡು ಸಲ ಹಾಗೆ ಮಾಡಿದೆ, ಎರಡು ಸಲವೂ ತೆಗೆದೆ.

ನಾಲ್ಕೂವರೆಗೆ ಶಂಕ್ರಮ್ಮನ ಚೀಟಿ ಬಂತು. ಕೈಗೆ ಕೊಡುವಾಗ ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹುರಿದ ಶೇಂಗಾ ನನ್ನ ಮೇಜಿನ ಮೇಲೆ ಸುರಿದಳು.

"ತಿನ್ನವ್ವಾ. ಬೆಳಗ್ಗಿಂದ ಒಂದು ಹನಿ ನೀರು ಸೈತ ಕುಡಿದಿಲ್ಲ ನೀನು, ನಾನು ನೋಡ್ತಾನೇ ಇದೀನಿ. ಎಷ್ಟು ಕಷ್ಟದ ಕೆಲಸ ನಿಂದು! ಇಷ್ಟು ದಿನ ನಂಗೆ ಗೊತ್ತೇ ಆಗಿರ್ಲಿಲ್ಲ."

"ನಿಮ್ಮ ಎಮ್ಮೆ..." ಎಂದೆ.

"ಒದರ್ತಿರ್ತೈತೆ, ಒದರ್ಲಿ ಬಿಡು. ನಿನ್ನ ಪಾಡಿನ ಮುಂದೆ ಅದ್ರದೇನು" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ನಾಚಿಕೆಯಾಯಿತು ಅಂದರೆ ಕಡಿಮೆಯಾಯಿತು. ನಲವತ್ತು ದಾಟಿದ ಹೆಂಗಸು ನಾನು, ಮಾನಿಟರಿನ ಹಿಂದೆ ಮುಖ ಮರೆ ಮಾಡಿಕೊಂಡು ಅತ್ತೆ. ಆಮೇಲೆ ಆ ಒಂದು ಸಾಲು ಬರೆದು ಅರವತ್ತನ್ನೂ ಕೊಂದೆ. ಉಳಿದ ಚೀಟಿಗಳೆಲ್ಲ ಪಟಪಟನೆ ಹೊರಬಿದ್ದವು. ಆದರೆ ಅಷ್ಟರಲ್ಲಿ ಅಧ್ಯಕ್ಷರು ಪರದೆಯ ಫೋಟೋ ತೆಗೆಸಿಕೊಂಡು ಆಗಿತ್ತು: ಅರವತ್ಮೂರು.

ಐದು ಗಂಟೆಗೆ ನಿರ್ದೇಶಕರೂ ಬಂದು ಸೇರಿದರು, ಜಗುಲಿಯ ಮೇಲೆಯೇ ಸನ್ಮಾನ. ಶಾಲು ಹೆಗಲಿಗೆ ಬಿತ್ತು, ಬುಟ್ಟಿ ಕೈಗೆ ಬಂತು. ನನ್ನಿಂದ ತಡೆಯಲಾಗಲಿಲ್ಲ. ಅಷ್ಟೂ ಜನರ ಮುಂದೆ ಹೇಳಿಬಿಟ್ಟೆ.

"ಸರ್, ಇದನ್ನ ನಾನು ತಗೊಳ್ಳಲ್ಲ. ಆ ಅರವತ್ಮೂರು ಸುಳ್ಳು. ಕೆಲಸಕ್ಕೆ ಬಾರದ್ದನ್ನ ಅರವತ್ತು ಹಚ್ಚಿ ನಾನೇ ಮಂದಿ ಕಾಯೋ ಹಂಗೆ ಮಾಡ್ದೆ. ಇವತ್ತು ನಾನು ಮಾಡಿದ್ದು ಕೆಲಸ ಅಲ್ಲ, ದ್ರೋಹ."

ಬೆನಕಪ್ಪನವರ ಕಣ್ಣು ತುಂಬಿ ಬಂತು.

"ನೋಡ್ರಪ್ಪಾ, ವಿನಯ ಅಂದ್ರೆ ಇದು" ಎಂದರು ಜನರತ್ತ ತಿರುಗಿ. "ನಿಜವಾಗ್ಲೂ ದುಡಿಯೋರು ಯಾವತ್ತೂ ನಾನು ದುಡಿದೆ ಅನ್ನಲ್ಲ."

ಚಪ್ಪಾಳೆ ಬಿತ್ತು. ನಿರ್ದೇಶಕರು ಒಂಬತ್ತೂ ಜನ ಹೂಂ ಎಂದು ತಲೆದೂಗಿದರು. ಚಪ್ಪಾಳೆ ನಿಂತ ಮೇಲೆ ಅಧ್ಯಕ್ಷರು ಜೇಬಿನಿಂದ ವರ್ಗದ ಕಾಗದ ತೆಗೆದರು. ಹರಿದು ಹಾಕುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಕನ್ನಡಕ ಏರಿಸಿದರು.

"ಜಗಳೂರಾಗೆ ಮೂರು ತಿಂಗಳಿಂದ ಲೋಡ್ ನಲವತ್ತು. ಆ ಭೀಮೇಶ ಒಬ್ಬನ ಕೈಲಿ ಹೊರಾಕೆ ಆಗ್ತಿಲ್ಲ, ಸೊರಗಿ ಕಡ್ಡಿ ಆಗ್ಯಾನೆ. ಅರವತ್ಮೂರು ಹೊತ್ತೋಳಿಗೆ ನಲವತ್ತು ಯಾವ ಲೆಕ್ಕ? ಸೋಮವಾರದಿಂದ ಜಗಳೂರು ಶಾಖೆಯ ಮುಖ್ಯಸ್ಥೆ ನಮ್ಮ ಯಶೋಧರಾ! ಭೀಮೇಶ ಇಲ್ಲಿಗೆ ಬಂದು ಸ್ವಲ್ಪ ಸುಧಾರಿಸ್ಕೊಳ್ಲಿ."

ಇನ್ನೊಮ್ಮೆ ಚಪ್ಪಾಳೆ. ತಪ್ಪು ಮಾಡದಿದ್ದರೆ ಶಿಕ್ಷೆಯಾಗಿ ಸಿಗುತ್ತಿದ್ದ ಜಗಳೂರು, ತಪ್ಪು ಮಾಡಿದ್ದಕ್ಕೆ ಬಹುಮಾನವಾಗಿ ಸಿಕ್ಕಿತು. ನಾನು ನಗಬೇಕೋ ಅಳಬೇಕೋ ತಿಳಿಯದೆ ಬುಟ್ಟಿಯಲ್ಲಿದ್ದ ಸೇಬು ನೋಡುತ್ತ ನಿಂತೆ.

ರೂಪಶ್ರೀಗೆ ಮನೆಯ ಬೀಗದ ಕೈ ಕೊಟ್ಟು, ಪಕ್ಕದ ಮನೆಯ ಕೆಂಪಕ್ಕನಿಗೆ ಕೈ ಮುಗಿದು, ಸೋಮವಾರ ಆರರ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಇಳಿದು ನನ್ನ ದುಡ್ಡಿನಲ್ಲೇ ಒಂದು ಡಿಸ್ಕು ಕೊಂಡೆ. ಜಗಳೂರಿನ ಯಂತ್ರದ ಕೊರಳಲ್ಲಿದ್ದ ಒಣ ಹಾರ ಕಿತ್ತು, ಇರುವೆ ಗುಡಿಸಿ, ಡಿಸ್ಕು ಬದಲಿಸಿದೆ. ಬುಧವಾರದ ಹೊತ್ತಿಗೆ ಮೆಕ್ಕೆಜೋಳದವರೆಲ್ಲ ಚೀಟಿ ಹಿಡಿದು ಗೋಣಿ ಸುತ್ತಿಕೊಂಡು ಹೋಗಿದ್ದರು. ಜಗುಲಿಯ ಮೇಲೆ ಒಂದು ನಾಯಿ ಬಿಟ್ಟು ಯಾರೂ ಇರಲಿಲ್ಲ. ಲೋಡು ಸೊನ್ನೆ ಪಾಯಿಂಟ್ ಸೊನ್ನೆ ಏಳು. ಇದಕ್ಕೂ ನೋಟಿಸ್ ಬರುತ್ತದೆ ಎಂದು ಗೊತ್ತಿತ್ತು. ಬರಲಿ. ಇನ್ನು ಕಳಿಸಲು ಅವರ ಹತ್ತಿರ ಇದಕ್ಕಿಂತ ದೂರದ ಊರಿಲ್ಲ.

ಶುಕ್ರವಾರ ಮಧ್ಯಾಹ್ನ ಚನ್ನಗಿರಿಯಿಂದ ಭೀಮೇಶನ ಫೋನ್ ಬಂತು.

"ಮೇಡಂ, ನಿಮ್ಮ ಮಷೀನ್ ಬಂಗಾರದಂಗೆ ಓಡ್ತೈತೆ. ಟೆಂಡರ್ ಐದೇ ನಿಮಿಷಕ್ಕೆ ಆತು. ನಾನು ಏನೂ ಮುಟ್ಟಿಲ್ರಿ."

"ತ್ಯಾವಣಿಗೆ ಶಂಕ್ರಮ್ಮ ಬಂದಿದ್ರಾ?"

"ಬಂದಿದ್ರು. ಒಂದೂವರೆ ಬಸ್ಸಿಗೇ ಹೋದ್ರು."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಮ್ಮೆ ಹೊತ್ತಿಗೆ ಸರಿಯಾಗಿ ಹಾಲು ಕೊಡುತ್ತದೆ. "ಏನಾದ್ರೂ ಅಂದ್ರಾ?" ಎಂದು ಕೇಳಿದೆ.

"ನಿಮ್ಮನ್ನ ಭಾಳ ನೆನೆಸಿದ್ರು ಮೇಡಂ. ಚೀಟಿ ಇಸ್ಕಂಡು ಖಾಲಿ ಜಗುಲಿ ನೋಡಿ, ಆ ಯವ್ವ ಹೋದ ಮ್ಯಾಲೆ ಈ ಆಫೀಸ್ನಾಗೆ ಕೆಲಸಾನೇ ನಡಿವಲ್ದು ಅಂದ್ರು."